ಹಳೆಯ ಸ್ಪೋರ್ಟ್ಸ್ ಕಾರಿನ ಒಳಗೂ ಹೊರಗೂ

ಕಬ್ಬಿಣವು ಭೂಮಿಯಲ್ಲಿ ಶುದ್ಧರೂಪದಲ್ಲಿ ದೊರೆಯುವುದು ಬಹು ಅಪರೂಪ. ಅದು ಸಾಮಾನ್ಯವಾಗಿ ಆಮ್ಲಜನಕದೊಡನೆ ಕೂಡಿಕೊಂಡು ಅದಿರಿನ ರೂಪದಲ್ಲಿರುತ್ತದೆ. ಆ ಅದಿರನ್ನು ಅಗೆದು ತೆಗೆದು, ಕುಲುಮೆಯಲ್ಲಿ ಕೋಕಿನೊಡನೆ ಕಾಯಿಸಿ, ಅಪಾರ ಶಕ್ತಿಯನ್ನು ವ್ಯಯಮಾಡಿ ಆಮ್ಲಜನಕವನ್ನು ಬೇರ್ಪಡಿಸಿದ ಮೇಲೆಯೇ ನಮಗೆ ಉಕ್ಕು ಲಭಿಸುತ್ತದೆ. ಹೀಗೆ ಬಲವಂತವಾಗಿ ಬಿಡಿಸಿದ ನಂಟನ್ನು ಕಬ್ಬಿಣವು ಮರೆಯುವುದಿಲ್ಲ. ತುಸು ನೀರು, ತುಸು ಗಾಳಿ ಸಿಕ್ಕಿದರೆ ಸಾಕು, ಅದು ಮತ್ತೆ ಆಮ್ಲಜನಕದೊಡನೆ ಕೂಡಿಕೊಳ್ಳಲು ಹವಣಿಸುತ್ತದೆ. ನಾವು ತುಕ್ಕು ಎಂದು ಕರೆಯುವುದು ಇದನ್ನೇ. ಬಾವಿಯ ರಾಟೆ, ಮನೆಯ ಸೈಕಲ್ಲು, ಸಮುದ್ರದ ಹಡಗು, ರಸ್ತೆಯ ಕಾರು, ಇವೆಲ್ಲವುಗಳ ಆಯುಷ್ಯವೂ ಈ ಮರಳುವಿಕೆಯನ್ನು ಎಷ್ಟು ಕಾಲ ತಡೆಯಬಲ್ಲೆವೆಂಬುದನ್ನೇ ಅವಲಂಬಿಸಿದೆ.

ಕಾರಿನ ಆರೈಕೆಯೆಂದರೆ ತೊಳೆದು ಒರೆಸಿ ಹೊಳಪು ಕೊಡುವುದೆಂದು ಬಹುಮಂದಿ ಭಾವಿಸಿದ್ದಾರೆ. ಆದರೆ ಹೊಳಪು ಬೇರೆ, ಆರೋಗ್ಯ ಬೇರೆ. ಕನ್ನಡಿಯಂತೆ ಮಿರುಗುವ ಕಾರಿನ ಒಡಲು ಒಳಗಿಂದೊಳಗೇ ಪೊಳ್ಳಾಗಿರಬಹುದು. ಈ ಮಾತನ್ನು ಒಂದು ನಿಜವಾದ ಉದಾಹರಣೆಯ ಮೂಲಕ ನೋಡಿದರೆ ವಿಷಯ ಚೆನ್ನಾಗಿ ಮನದಟ್ಟಾದೀತು. ಅದಕ್ಕಾಗಿ ನಾವು ಜಪಾನಿನ ಒಂದು ಪುಟ್ಟ ಸ್ಪೋರ್ಟ್ಸ್ ಕಾರನ್ನು ಆರಿಸಿಕೊಂಡಿದ್ದೇವೆ.

ಒಂದು ಪುಟ್ಟ ಕಾರಿನ ಕಥೆ

1979ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತನು ಮಜ್ದಾ ಸಂಸ್ಥೆಯ ಕೆನಿಚಿ ಯಮಮೊತೊ ಎಂಬ ಎಂಜಿನಿಯರರೊಡನೆ ಮಾತನಾಡುತ್ತಾ, ಹಿಂದೆ ಇಂಗ್ಲೆಂಡಿನಲ್ಲಿ ತಯಾರಾಗುತ್ತಿದ್ದಂತಹ ಹಗುರವಾದ, ಎರಡೇ ಆಸನಗಳ, ತೆರೆದ ಕಾರೊಂದನ್ನು ನೀವೇಕೆ ಮಾಡಬಾರದೆಂದು ಸೂಚಿಸಿದನು. ಈ ಸೂಚನೆ ಫಲಿಸಲು ಹತ್ತು ವರ್ಷಗಳು ಹಿಡಿದವು. ತೊಷಿಹಿಕೊ ಹಿರಾಯ್ ಎಂಬವರ ನೇತೃತ್ವದಲ್ಲಿ ಸಿದ್ಧವಾದ ಕಾರು 1989ರ ಫೆಬ್ರವರಿಯಲ್ಲಿ ಷಿಕಾಗೋ ನಗರದ ಪ್ರದರ್ಶನದಲ್ಲಿ ಮೊದಲು ಜನರ ಕಣ್ಣಿಗೆ ಬಿತ್ತು. ಅಮೆರಿಕದಲ್ಲಿ ಮಿಯಾಟಾ, ಯೂರೋಪಿನಲ್ಲಿ ಎಂಎಕ್ಸ್-5, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಎಂದು ಮೂರು ಕಡೆ ಮೂರು ಹೆಸರುಗಳು ಅದಕ್ಕೆ ಬಂದವು.

1997ರವರೆಗೆ ತಯಾರಾದ ಮೊದಲ ತಲೆಮಾರಿನ ಕಾರುಗಳೇ ನಾಲ್ಕು ಲಕ್ಷಕ್ಕೂ ಹೆಚ್ಚು. 2016ರಲ್ಲಿ ಎಲ್ಲ ತಲೆಮಾರುಗಳೂ ಸೇರಿ ಒಟ್ಟು ಸಂಖ್ಯೆ ಹತ್ತು ಲಕ್ಷವನ್ನು ಮುಟ್ಟಿತು. ಎರಡು ಆಸನಗಳ ತೆರೆದ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಸಂಖ್ಯೆಯಲ್ಲಿ ಮಾರಾಟವಾದುದು ಬೇರೊಂದಿಲ್ಲ. ಮೊದಲ ತಲೆಮಾರಿನ ಕಾರುಗಳಿಗೆ ಈಗ ಮೂವತ್ತು ವರ್ಷ ಸಮೀಪಿಸಿದೆ ಇಲ್ಲವೆ ದಾಟಿದೆ. ಕೈಯಿಂದ ಕೈಗೆ ಬಂದ ಇಂತಹ ಕಾರುಗಳಲ್ಲಿ ಕೆಲವು ಇಂದೂ ಹೊಸದರಂತಿವೆ; ಹಲವು ತುಕ್ಕು ಹಿಡಿದು ಗುಜರಿಗೆ ಹೋಗಿವೆ. ಒಂದೇ ಕಾರ್ಖಾನೆಯಲ್ಲಿ, ಒಂದೇ ಉಕ್ಕಿನಿಂದ ಹುಟ್ಟಿದ ಈ ಕಾರುಗಳ ಹಣೆಬರಹದಲ್ಲಿ ಇಷ್ಟೊಂದು ಅಂತರವೇಕೆ?

ಹೊಸ್ತಿಲಿನ ಮಹತ್ವ

ಕಾಗದದ ರಟ್ಟಿನ ಒಂದು ಪೆಟ್ಟಿಗೆಯನ್ನು ತೆಗೆದುಕೊಂಡು ಅದರ ಮುಚ್ಚಳವನ್ನು ಅಂಟಿಸಿ ತಿರುಚಿ ನೋಡಿರಿ. ಅದು ಸುಲಭವಾಗಿ ತಿರುಚುವುದಿಲ್ಲ. ಈಗ ಮುಚ್ಚಳವನ್ನು ತೆಗೆದು ತಿರುಚಿರಿ. ಅದೇ ಪೆಟ್ಟಿಗೆ ನಿಮ್ಮ ಕೈಯಲ್ಲಿ ಬಳುಕುತ್ತದೆ. ಛಾವಣಿಯುಳ್ಳ ಕಾರಿಗೂ ತೆರೆದ ಕಾರಿಗೂ ಇರುವ ವ್ಯತ್ಯಾಸ ಇದೇ. ಸಾಮಾನ್ಯ ಕಾರಿನಲ್ಲಿ ಉಕ್ಕಿನ ಛಾವಣಿಯೂ ಅದನ್ನು ಹೊತ್ತ ಕಂಬಗಳೂ ಒಡಲಿನ ಬಿಗಿತಕ್ಕೆ ನೆರವಾಗುತ್ತವೆ. ತೆರೆದ ಕಾರಿನಲ್ಲಿ ಆ ನೆರವಿಲ್ಲ. ಅಲ್ಲಿ ಎರಡು ಬಾಗಿಲುಗಳ ಅಡಿಯಲ್ಲಿ ಮುಂಗಾಲಿಯಿಂದ ಹಿಂಗಾಲಿಯವರೆಗೆ ಹಾದುಹೋಗುವ ಟೊಳ್ಳಾದ ಉಕ್ಕಿನ ತೊಲೆಗಳೇ ಬಹುಪಾಲು ಭಾರವನ್ನು ಹೊರಬೇಕು. ಮನೆಯ ಬಾಗಿಲಿಗೆ ಹೊಸ್ತಿಲು ಹೇಗೋ ಕಾರಿನ ಬಾಗಿಲಿಗೆ ಈ ತೊಲೆ ಹಾಗೆ. ಇದನ್ನು ನಾವು ಕಾರಿನ ಹೊಸ್ತಿಲೆಂದೇ ಕರೆಯೋಣ.

ಈ ಹೊಸ್ತಿಲು ಒಳಗಿನಿಂದ ಸವೆದರೆ ಕಾರಿನ ಅಂದ ಕೆಡುವುದಷ್ಟೇ ಅಲ್ಲ. ಅದರ ಬೆನ್ನೆಲುಬೇ ಮುರಿದಂತೆ. ಪಕ್ಕದಿಂದ ಮತ್ತೊಂದು ವಾಹನ ಡಿಕ್ಕಿ ಹೊಡೆದಾಗ ಒಳಗೆ ಕುಳಿತವರನ್ನು ಕಾಯಬೇಕಾದ ಭಾಗಗಳಲ್ಲಿ ಇದು ಮುಖ್ಯವಾದುದು. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರುಗಳು ವರ್ಷಕ್ಕೊಮ್ಮೆ ನಡೆಯುವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆಸನದ ಪಟ್ಟಿಯನ್ನೋ ಸಸ್ಪೆನ್ಷನ್ನನ್ನೋ ಬಿಗಿದಿರುವ ಸ್ಥಳದಿಂದ 30 ಸೆಂಟಿಮೀಟರಿನೊಳಗೆ ಉಕ್ಕು ವಿಪರೀತ ತುಕ್ಕು ಹಿಡಿದು ದುರ್ಬಲವಾಗಿದ್ದರೆ ಅಂತಹ ಕಾರನ್ನು ಪರೀಕ್ಷಕರು ತಿರಸ್ಕರಿಸುತ್ತಾರೆ. ಮೇಲಿನ ಬಣ್ಣ ಎಷ್ಟೇ ಹೊಳೆಯುತ್ತಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ.

ನಾವು ಹೇಳುತ್ತಿರುವ ಕಾರಿನಲ್ಲಿ ತುಕ್ಕು ಮೊದಲು ತಲೆದೋರುವುದು ಈ ಹೊಸ್ತಿಲಿನ ಹಿಂತುದಿಯಲ್ಲಿ, ಹಿಂದಿನ ಚಕ್ರದ ಮುಂಭಾಗದಲ್ಲಿ. ಬಣ್ಣದ ಅಡಿಯಲ್ಲಿ ಸಣ್ಣ ಗುಳ್ಳೆಯೊಂದು ಏಳುತ್ತದೆ. ಅದನ್ನು ಬೆರಳಿನಿಂದ ಒತ್ತಿದರೆ ಕೆಲವೊಮ್ಮೆ ಬೆರಳು ಒಳಕ್ಕೇ ಹೋಗುತ್ತದೆ. ಏಕೆಂದರೆ ತುಕ್ಕು ಹೊರಗಿನಿಂದ ಒಳಕ್ಕೆ ಬಂದದ್ದಲ್ಲ. ಒಳಗಿನಿಂದ ಹೊರಕ್ಕೆ ಬಂದದ್ದು. ಇದರ ಕಾರಣವನ್ನು ತಿಳಿಯಬೇಕಾದರೆ ಮೊದಲು ಒಂದು ಹನಿ ನೀರಿನ ವರ್ತನೆಯನ್ನು ಗಮನಿಸಬೇಕು.

ಒಂದು ಹನಿ ನೀರಿನಲ್ಲಿ

ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಯು. ಆರ್. ಇವಾನ್ಸ್ ಎಂಬ ವಿಜ್ಞಾನಿಯು ತುಕ್ಕಿನ ಅಧ್ಯಯನಕ್ಕೆ ತನ್ನ ಜೀವಮಾನವನ್ನೇ ಮೀಸಲಿಟ್ಟಿದ್ದನು. ಅವನ ಒಂದು ಪ್ರಯೋಗ ಇಂದಿಗೂ ಕಾಲೇಜುಗಳಲ್ಲಿ ಪ್ರಸಿದ್ಧವಾಗಿದೆ. ಚೆನ್ನಾಗಿ ಉಜ್ಜಿದ ಉಕ್ಕಿನ ತಗಡಿನ ಮೇಲೆ ಉಪ್ಪುನೀರಿನ ಒಂದು ಹನಿಯನ್ನಿಟ್ಟು, ಆ ನೀರಿಗೆ ಮೊದಲೇ ಎರಡು ಸೂಚಕದ್ರವ್ಯಗಳನ್ನು ಬೆರೆಸಿರುತ್ತಾರೆ. ಒಂದು ಪೊಟ್ಯಾಸಿಯಮ್ ಫೆರಿಸಯನೈಡು. ಕಬ್ಬಿಣ ಕರಗಿದ ಕಡೆ ಇದು ನೀಲಿ ಬಣ್ಣ ತಾಳುತ್ತದೆ. ಇನ್ನೊಂದು ಫಿನಾಲ್ಫ್ತಲೀನ್, ಕ್ಷಾರ ಹುಟ್ಟಿದ ಕಡೆ ಇದು ಗುಲಾಬಿಯಾಗುತ್ತದೆ. ತುಸು ಹೊತ್ತಿನಲ್ಲೇ ಹನಿಯ ನಡುಭಾಗ ನೀಲಿಯಾಗಿಯೂ ಅಂಚು ಗುಲಾಬಿಯಾಗಿಯೂ ತೋರುತ್ತದೆ. ಇವೆರಡರ ನಡುವೆ ಕಂದುಬಣ್ಣದ ತುಕ್ಕಿನ ಉಂಗುರ ಮೂಡುತ್ತದೆ.

ಇದರ ಅರ್ಥವೇನು? ಹನಿಯ ಅಂಚಿನಲ್ಲಿ ನೀರು ತೆಳುವಾಗಿರುವುದರಿಂದ ಅಲ್ಲಿಗೆ ಗಾಳಿಯ ಆಮ್ಲಜನಕ ಸುಲಭವಾಗಿ ತಲುಪುತ್ತದೆ. ನಡುವೆ ನೀರು ದಪ್ಪ, ಆಮ್ಲಜನಕ ಕಡಿಮೆ. ನಡುಭಾಗದ ಕಬ್ಬಿಣದ ಪರಮಾಣುಗಳು ತಮ್ಮ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನುಗಳಾಗಿ ನೀರಿನಲ್ಲಿ ಕರಗುತ್ತವೆ. ಆ ಎಲೆಕ್ಟ್ರಾನುಗಳು ಲೋಹದ ಮೂಲಕ ಅಂಚಿಗೆ ಹರಿದು, ಅಲ್ಲಿ ನೀರೂ ಆಮ್ಲಜನಕವೂ ಸೇರಿ ಕ್ಷಾರವಾಗುವಂತೆ ಮಾಡುತ್ತವೆ. ಹೀಗೆ ಒಂದು ಹನಿಯೇ ಒಂದು ಪುಟ್ಟ ಬ್ಯಾಟರಿಯಾಗಿ ಪರಿಣಮಿಸುತ್ತದೆ. ಲೋಹವು ತಂತಿಯ ಕೆಲಸವನ್ನೂ ನೀರು ಬ್ಯಾಟರಿಯ ದ್ರವದ ಕೆಲಸವನ್ನೂ ನಿರ್ವಹಿಸುತ್ತವೆ.

ಇಲ್ಲಿ ನಾವು ಗಮನಿಸಬೇಕಾದ ವಿಚಿತ್ರವೆಂದರೆ, ಆಮ್ಲಜನಕ ಹೆಚ್ಚಾಗಿರುವ ಕಡೆ ಕಬ್ಬಿಣ ಸವೆಯುವುದಿಲ್ಲ. ಅದು ಕಡಿಮೆಯಿರುವ ಕಡೆ ಸವೆಯುತ್ತದೆ. ಆದುದರಿಂದಲೇ ಕಾರಿನಲ್ಲಿ ಗಾಳಿಗೆ ತೆರೆದಿರುವ ಚಪ್ಪಟೆ ಭಾಗಗಳಿಗಿಂತ, ಕೆಸರು ಮೆತ್ತಿಕೊಂಡ ಸಂದುಗಳು, ಒಂದರ ಮೇಲೊಂದು ತಗಡು ಬೆಸೆದ ಅಂಚುಗಳು, ಮುಚ್ಚಿದ ಪೊಳ್ಳುಗಳು ಬೇಗ ತುಕ್ಕು ಹಿಡಿಯುತ್ತವೆ. ಹುಟ್ಟಿದ ತುಕ್ಕು ತಾನು ನುಂಗಿದ ಕಬ್ಬಿಣದ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಹೀಗಾಗಿ ಅದು ಬಣ್ಣವನ್ನು ಎಬ್ಬಿಸುತ್ತದೆ, ಬೆಸುಗೆಯ ಸಂದನ್ನು ಅಗಲಿಸುತ್ತದೆ, ಮತ್ತಷ್ಟು ನೀರಿಗೆ ದಾರಿ ಮಾಡಿಕೊಡುತ್ತದೆ. ಅಲ್ಯುಮಿನಿಯಮಿನ ಮೇಲೆ ಹುಟ್ಟುವ ಆಕ್ಸೈಡು ಬಿಗಿಯಾಗಿ ಅಂಟಿಕೊಂಡು ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕಿಗೆ ಆ ಗುಣವಿಲ್ಲ. ಅದು ಉದುರುತ್ತಾ ಹೋದಂತೆ ಹೊಸ ಲೋಹ ಬಯಲಾಗುತ್ತದೆ.

ತೂಬು ಕಟ್ಟಿದರೆ

ಈಗ ಕಾರಿನ ಕಡೆಗೆ ಮರಳೋಣ. ಇದರ ಮಡಿಸುವ ಛಾವಣಿಯ ಹಿಂಭಾಗದಲ್ಲಿ, ಆಸನಗಳ ಹಿಂದೆ, ಮಳೆಯ ನೀರನ್ನು ಹಿಡಿಯುವ ಒಂದು ದೋಣಿಯಿದೆ. ಆ ನೀರು ಎಡಬಲಗಳ ಎರಡು ತೂಬುಗಳ ಮೂಲಕ ಇಳಿದು ಹಿಂದಿನ ಚಕ್ರಗಳ ಮುಂಭಾಗದಲ್ಲಿ ನೆಲಕ್ಕೆ ಬೀಳುವಂತೆ ಏರ್ಪಾಡು ಮಾಡಲಾಗಿದೆ. ಮರದಡಿಯಲ್ಲಿ ನಿಲ್ಲಿಸಿದ ಕಾರಿನ ಮೇಲೆ ಎಲೆ, ಹೂವು, ಧೂಳು ಬೀಳುತ್ತವೆ. ಇವು ಕ್ರಮೇಣ ದೋಣಿಯೊಳಗೆ ಜಾರಿ ಕೊಳೆತು ಕೆಸರಾಗಿ ತೂಬಿನ ಬಾಯನ್ನು ಮುಚ್ಚುತ್ತವೆ. ಅಲ್ಲಿಂದ ಮುಂದೆ ಬಿದ್ದ ಮಳೆನೀರಿಗೆ ಹೋಗಲು ದಾರಿಯಿಲ್ಲ. ಅದು ಉಕ್ಕಿ ಒಳಗಿನ ನೆಲಹಾಸಿಗೂ ಹೊಸ್ತಿಲಿನ ಪೊಳ್ಳಿಗೂ ಇಳಿಯುತ್ತದೆ. ಅಲ್ಲಿ ಬೆಳಕಿಲ್ಲ, ಗಾಳಿಯ ಸಂಚಾರವಿಲ್ಲ. ಒದ್ದೆ ತಿಂಗಳುಗಟ್ಟಲೆ ಆರುವುದಿಲ್ಲ. ಇವಾನ್ಸನ ಹನಿ ಅಲ್ಲಿ ಹಗಲಿರುಳೂ ಕೆಲಸಮಾಡುತ್ತದೆ.

ಇದಕ್ಕೆ ಪರಿಹಾರ ಎಷ್ಟು ಸರಳವೆಂದರೆ ನಗು ಬರುವಂತಿದೆ. ವರ್ಷಕ್ಕೆ ಎರಡು ಬಾರಿಯಾದರೂ ಛಾವಣಿಯನ್ನು ಎತ್ತಿ, ಕಸವನ್ನು ಕೈಯಿಂದ ತೆಗೆದು, ಒಂದು ಲೋಟ ನೀರನ್ನು ದೋಣಿಗೆ ಸುರಿದು, ಅದು ಎರಡೂ ಬದಿಯಲ್ಲಿ ನೆಲಕ್ಕೆ ಬೀಳುವುದೋ ಇಲ್ಲವೋ ನೋಡಬೇಕು. ಬೀಳದಿದ್ದರೆ ಮೆತುವಾದ ನೈಲಾನ್ ತಂತಿಯನ್ನು ಮೆಲ್ಲನೆ ಹಾಯಿಸಿ ತೆರವುಗೊಳಿಸಬೇಕು. ಚೂಪಾದ ಉಕ್ಕಿನ ತಂತಿಯನ್ನು ತುರುಕಿದರೆ ಕೊಳವೆಯೇ ತೂತಾಗಿ ರೋಗಕ್ಕಿಂತ ಮದ್ದೇ ಕೆಟ್ಟದಾಗುತ್ತದೆ. ಈ ಐದು ನಿಮಿಷಗಳ ಕೆಲಸವನ್ನು ಮಾಡಿದವರ ಕಾರುಗಳಿಗೂ ಮಾಡದವರ ಕಾರುಗಳಿಗೂ ಇರುವ ಅಂತರವೇ ನಾವು ಮೊದಲು ಕೇಳಿದ ಪ್ರಶ್ನೆಗೆ ಬಹುಮಟ್ಟಿನ ಉತ್ತರ.

ಹೊಸ್ತಿಲಿನ ಒಳಮೈಗೆ ಬಣ್ಣದ ಕುಂಚ ತಲುಪುವುದಿಲ್ಲ. ಅಲ್ಲಿಗೆ ಉದ್ದನೆಯ ನಳಿಗೆಯ ಮೂಲಕ ಕರಗಿಸಿದ ಮೇಣವನ್ನು ತುಂತುರಾಗಿ ಹಾಯಿಸುವ ಪದ್ಧತಿಯಿದೆ. ಈ ಮೇಣ ಗಟ್ಟಿಯಾಗಿ ಬಿರಿಯದೆ ಸಂದುಗಳಿಗೆ ಹರಿದು ನೀರನ್ನು ದೂರವಿಡುತ್ತದೆ. ಇದಕ್ಕೆ ವಿರುದ್ಧವಾಗಿ, ಕಾರಿನ ಅಡಿಗೆ ದಪ್ಪನೆಯ ಡಾಮರು ಬಳಿದು ನಿಶ್ಚಿಂತರಾಗುವವರೂ ಉಂಟು. ಡಾಮರು ವರ್ಷಗಳ ಮೇಲೆ ಒಣಗಿ ಬಿರಿಯುತ್ತದೆ. ಬಿರುಕಿನಲ್ಲಿ ನೀರು ಹೊಕ್ಕು ಅಡಿಯಲ್ಲೇ ನಿಲ್ಲುತ್ತದೆ. ಮೇಲಿನಿಂದ ನೋಡುವವರಿಗೆ ಕಪ್ಪಗೆ ಅಚ್ಚುಕಟ್ಟಾಗಿ ಕಾಣುವ ಆ ಹೊದಿಕೆಯ ಕೆಳಗೆ ಉಕ್ಕು ಸದ್ದಿಲ್ಲದೆ ಕರಗುತ್ತಿರುತ್ತದೆ. ತೂಬು ಕಟ್ಟಬಾರದೆಂಬುದೂ ಡಾಮರನ್ನು ನಂಬಬಾರದೆಂಬುದೂ ಒಂದೇ ತತ್ತ್ವದ ಎರಡು ಮುಖಗಳು: ನೀರು ಬರುವುದನ್ನು ಪೂರ್ತಿಯಾಗಿ ತಡೆಯುವುದು ಕಷ್ಟ; ಬಂದ ನೀರಿಗೆ ಹೋಗಲು ದಾರಿ ಇರಬೇಕು.

ಉಪ್ಪಿನ ಉಪದ್ರವ

ಇಂಗ್ಲೆಂಡು, ಉತ್ತರ ಅಮೆರಿಕ ಮೊದಲಾದ ಶೀತಪ್ರದೇಶಗಳಲ್ಲಿ ಚಳಿಗಾಲದಲ್ಲಿ ರಸ್ತೆಗಳ ಮೇಲೆ ಹಿಮ ಗಟ್ಟಿಯಾಗದಿರಲೆಂದು ಉಪ್ಪನ್ನು ಎರಚುತ್ತಾರೆ. ಉಪ್ಪು ಕರಗಿದ ನೀರು ಸೊನ್ನೆ ಡಿಗ್ರಿಗಿಂತ ಕೆಳಗೆ ಮಾತ್ರ ಹೆಪ್ಪುಗಟ್ಟುವುದರಿಂದ ರಸ್ತೆ ಜಾರುವುದಿಲ್ಲ. ಆದರೆ ಅದೇ ಉಪ್ಪುನೀರು ಕಾರಿನ ಅಡಿಗೆ ಸಿಡಿದು ಅಂಟಿಕೊಳ್ಳುತ್ತದೆ. ಶುದ್ಧವಾದ ನೀರು ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡುವುದಿಲ್ಲ. ಉಪ್ಪುನೀರು ಚೆನ್ನಾಗಿ ಹರಿಯಗೊಡುತ್ತದೆ. ಆದುದರಿಂದ ತುಕ್ಕಿನ ಪುಟ್ಟ ಬ್ಯಾಟರಿಗೆ ಬಲ ಬರುತ್ತದೆ. ಅಲ್ಲದೆ ಗಾಳಿಯ ತೇವಾಂಶ ಸುಮಾರು ಶೇಕಡ 75ನ್ನು ಮೀರಿದರೆ ಒಣ ಉಪ್ಪು ತಾನೇ ನೀರನ್ನು ಹೀರಿಕೊಂಡು ಒದ್ದೆಯಾಗುತ್ತದೆ. ಮಳೆ ಬಾರದ ದಿನವೂ ಕಾರಿನ ಅಡಿ ಹಸಿಯಾಗಿಯೇ ಇರುವುದು ಇದರಿಂದ. ನಮ್ಮ ಕರಾವಳಿಯಲ್ಲಿ ಕಿಟಕಿಯ ಸರಳುಗಳೂ ಸೈಕಲ್ಲುಗಳೂ ಬೇಗ ತುಕ್ಕು ಹಿಡಿಯುವುದಕ್ಕೆ ಕಾರಣವೂ ಗಾಳಿಯಲ್ಲಿ ತೇಲಿಬರುವ ಇದೇ ಉಪ್ಪು.

ಉಪ್ಪು ಮೆತ್ತಿದ ಕಾರನ್ನು ಬೆಚ್ಚನೆಯ ಗ್ಯಾರೇಜಿನಲ್ಲಿ ನಿಲ್ಲಿಸುವುದು ಒಳ್ಳೆಯದೆಂದು ತೋರಬಹುದು. ವಾಸ್ತವವಾಗಿ ಅದರಿಂದ ಕೇಡೇ ಹೆಚ್ಚು. ಹೊರಗೆ ಗಡ್ಡೆಕಟ್ಟಿದ್ದ ಉಪ್ಪಿನ ಹಿಮ ಬೆಚ್ಚನೆಯ ಜಾಗದಲ್ಲಿ ಕರಗುತ್ತದೆ. ರಾಸಾಯನಿಕ ಕ್ರಿಯೆಗಳೆಲ್ಲವೂ ಉಷ್ಣತೆ ಏರಿದಂತೆ ಚುರುಕಾಗುತ್ತವೆ. ಮೊದಲು ಅಡಿಯನ್ನು ಸಿಹಿನೀರಿನಿಂದ ತೊಳೆದು ಆಮೇಲೆ ನಿಲ್ಲಿಸುವುದೇ ಸರಿಯಾದ ಕ್ರಮ. ಆಶ್ರಯಕ್ಕಿಂತ ಶುಚಿಯೂ ಗಾಳಿಯೂ ಮುಖ್ಯ.

ಬಣ್ಣವೆಂಬ ಚರ್ಮ

ಉಕ್ಕಿಗೂ ನೀರಿಗೂ ನಡುವೆ ನಿಂತಿರುವ ಗೋಡೆಯೇ ಬಣ್ಣ. ಆಧುನಿಕ ಕಾರಿನ ಬಣ್ಣದಲ್ಲಿ ಹಲವು ಪದರಗಳಿರುತ್ತವೆ. ಉಕ್ಕಿನ ಮೇಲೆ ಮೊದಲು ಫಾಸ್ಫೇಟಿನ ಲೇಪ, ಅನಂತರ ಕಾರಿನ ಒಡಲನ್ನೇ ದ್ರವದಲ್ಲಿ ಮುಳುಗಿಸಿ ವಿದ್ಯುತ್ತಿನ ನೆರವಿನಿಂದ ಅಂಟಿಸುವ ತಳಬಣ್ಣ, ಅದರ ಮೇಲೆ ಮೈಯನ್ನು ನಯಮಾಡುವ ಪದರ, ಆಮೇಲೆ ಬಣ್ಣ, ಕೊನೆಗೆ ಗಾಜಿನಂತಹ ಪಾರದರ್ಶಕ ಲೇಪ. ಇವೆಲ್ಲವೂ ಸೇರಿದರೂ ದಪ್ಪ ಸುಮಾರು 100ರಿಂದ 150 ಮೈಕ್ರಾನು, ಎಂದರೆ ಮಿಲಿಮೀಟರಿನ ಆರನೆಯ ಒಂದು ಭಾಗಕ್ಕೂ ಹೆಚ್ಚಿಲ್ಲ. ಮೇಲಿನ ಪಾರದರ್ಶಕ ಪದರವಂತೂ ಸುಮಾರು 40 ಮೈಕ್ರಾನು. ನಮ್ಮ ತಲೆಗೂದಲಿಗಿಂತ ತೆಳು. ಈ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡವರು ಕಾರನ್ನು ಉಜ್ಜುವ ಮುನ್ನ ಎರಡು ಬಾರಿ ಯೋಚಿಸುತ್ತಾರೆ.

ಬಣ್ಣದ ಮೊದಲ ಶತ್ರು ಬಿಸಿಲು. ಸೂರ್ಯನ ಅತಿನೇರಿಳೆ ಕಿರಣಗಳು ಬಣ್ಣದ ಅಂಟನ್ನು ಕಟ್ಟಿರುವ ಉದ್ದುದ್ದನೆಯ ಅಣುಗಳನ್ನು ತುಂಡರಿಸುತ್ತವೆ. ಮೇಲ್ಮೈ ಸೀಮೆಸುಣ್ಣದಂತೆ ಪುಡಿಪುಡಿಯಾಗುತ್ತದೆ. ಪಾರದರ್ಶಕ ಪದರವಿಲ್ಲದ ಹಳೆಯ ಕೆಂಪು ಕಾರನ್ನು ಬಿಳಿಯ ಬಟ್ಟೆಯಿಂದ ಒರೆಸಿದರೆ ಬಟ್ಟೆಯೇ ಕೆಂಪಾಗುವುದನ್ನು ಕಾಣಬಹುದು. ಎರಡನೆಯ ಶತ್ರು ಪಕ್ಷಿಗಳ ಹಿಕ್ಕೆ. ಬಿಸಿಲಿನಲ್ಲಿ ಬಣ್ಣ ಹಿಗ್ಗಿ ಮೆದುವಾಗಿರುವಾಗ ಹಿಕ್ಕೆ ಅದರ ಮೇಲೆ ಒಣಗಿ ಗಟ್ಟಿಯಾಗುತ್ತದೆ; ಸಂಜೆ ತಣ್ಣಗಾದಾಗ ಬಣ್ಣವು ಆ ಒರಟು ಅಚ್ಚಿಗೆ ತಕ್ಕಂತೆ ಕುಗ್ಗಿ ಮಂಕಾದ ಕಲೆ ಉಳಿಯುತ್ತದೆ. ಇದನ್ನು ಕಂಡೊಡನೆ ಒದ್ದೆ ಬಟ್ಟೆಯಿಂದ ನೆನೆಸಿ ಎತ್ತಿ ತೆಗೆಯಬೇಕು, ಒಣಗಿದ್ದನ್ನು ಕೆರೆಯಬಾರದು. ಮೂರನೆಯದು ಬ್ರೇಕಿನ ಎಣ್ಣೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಈ ದ್ರವ ಬಣ್ಣವನ್ನು ಮೆದುಮಾಡಿ ಕಿತ್ತುಬಿಡುತ್ತದೆ. ಅದು ತೊಟ್ಟಿಕ್ಕಿದರೆ ಒರೆಸುತ್ತಾ ಕೂಡದೆ ಕೂಡಲೆ ಧಾರಾಳವಾಗಿ ನೀರು ಸುರಿಯಬೇಕು.

ತೊಳೆಯುವುದೂ ಒಂದು ವಿದ್ಯೆ

ನಾಲ್ಕನೆಯ ಶತ್ರು ಯಾರೆಂದರೆ, ಸ್ವತಃ ಕಾರಿನ ಯಜಮಾನ. ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳು ಬೇಕಾದಷ್ಟಿರುತ್ತವೆ. ಖನಿಜಗಳ ಕಾಠಿಣ್ಯವನ್ನಳೆಯುವ ಮೋಸ್ ಮಾನದಲ್ಲಿ ಬೆಣಚಿನ ಸ್ಥಾನ 7. ಅದು ಗಾಜನ್ನೇ ಗೀರಬಲ್ಲುದು. ಧೂಳು ಹಿಡಿದ ಕಾರನ್ನು ಒಣಬಟ್ಟೆಯಿಂದ ಒರೆಸುವುದೆಂದರೆ ಮರಳುಕಾಗದದಿಂದ ತಿಕ್ಕಿದಂತೆಯೇ ಸರಿ. ಬಿಸಿಲಿನಲ್ಲಿ ಹಳೆಯ ಕಾರುಗಳ ಮೇಲೆ ಜೇಡರ ಬಲೆಯಂತೆ ಕಾಣುವ ಸಾವಿರಾರು ಸಣ್ಣ ಗೀರುಗಳು ಹೀಗೆ ಪ್ರೀತಿಯಿಂದ ಒರೆಸಿದ ಕೈಗಳಿಂದಲೇ ಆದುವು.

ಆದುದರಿಂದ ಮೊದಲು ಹೇರಳವಾಗಿ ನೀರು ಹಾಯಿಸಿ ಸಡಿಲವಾದ ಧೂಳನ್ನು ಹೋಗಲಾಡಿಸಬೇಕು. ಅನಂತರ ಎರಡು ಬಕೀಟುಗಳನ್ನಿಟ್ಟುಕೊಳ್ಳಬೇಕು. ಒಂದರಲ್ಲಿ ಕಾರು ತೊಳೆಯಲೆಂದೇ ಮಾಡಿದ ಸೌಮ್ಯವಾದ ಸಾಬೂನುನೀರು, ಇನ್ನೊಂದರಲ್ಲಿ ಬರಿಯ ನೀರು. ಬಟ್ಟೆಯನ್ನು ಪ್ರತಿಸಲವೂ ಬರಿಯ ನೀರಿನಲ್ಲಿ ಜಾಲಿಸಿದ ಮೇಲೆಯೇ ಸಾಬೂನಿಗೆ ಅದ್ದಬೇಕು. ಮೇಲಿನಿಂದ ಕೆಳಕ್ಕೆ ತೊಳೆಯುತ್ತಾ ಬರಬೇಕು, ಏಕೆಂದರೆ ಕೆಸರು ಹೆಚ್ಚಾಗಿರುವುದು ಕೆಳಗೆ. ಚಕ್ರಗಳಿಗೆ ಬೇರೆ ಬಟ್ಟೆಯೇ ಇರಲಿ. ಅಲ್ಲಿ ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿ ಸೇರಿರುತ್ತದೆ.

ತೊಳೆದ ಕಾರನ್ನು ಬಿಸಿಲಿನಲ್ಲಿ ಹಾಗೆಯೇ ಆರಲು ಬಿಡಬಾರದು. ನಮ್ಮ ಕೊಳವೆಬಾವಿಗಳ ಗಡಸುನೀರನ್ನು ಬಳಸಿದವರಿಗೆ ಇದರ ಕಾರಣ ಗೊತ್ತು. ಅಂತಹ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಮ್ ಬೈಕಾರ್ಬೊನೇಟು ಹನಿ ಆರಿದಾಗ ಕಾರ್ಬೊನೇಟಾಗಿ, ಎಂದರೆ ಸುಣ್ಣಕಲ್ಲಿನದೇ ವಸ್ತುವಾಗಿ, ಬಿಳಿಯ ಉಂಗುರವನ್ನು ಬಿಡುತ್ತದೆ. ನೀರೊಲೆಯ ಹಂಡೆಯಲ್ಲಿ ಕಟ್ಟುವ ಗಟ್ಟಿಯೂ ಇದೇ. ಹೊಸದಾಗಿ ಬಿದ್ದ ಉಂಗುರವನ್ನು ನೀರು ಬೆರೆಸಿದ ವಿನಿಗರಿನಿಂದ ಒರೆಸಿ ಒಡನೆಯೇ ತೊಳೆದರೆ ಅದು ಕರಗಿಹೋಗುತ್ತದೆ.

ಮೇಣ ಹಚ್ಚುವುದಕ್ಕೂ ಪಾಲಿಷು ಮಾಡುವುದಕ್ಕೂ ಇರುವ ಭೇದವನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಪಾಲಿಷಿನಲ್ಲಿ ಅತಿ ಸೂಕ್ಷ್ಮವಾದ ಅರೆಯುವ ಪುಡಿಯಿರುತ್ತದೆ. ಅದು ಗೀರನ್ನು ತುಂಬುವುದಿಲ್ಲ. ಗೀರಿನ ಸುತ್ತಲಿನ ಲೇಪವನ್ನೇ ಅರೆದು ಗೀರಿನ ತಳಮಟ್ಟಕ್ಕೆ ಇಳಿಸುತ್ತದೆ. ಪ್ರತಿಸಲವೂ ಆ 40 ಮೈಕ್ರಾನುಗಳ ಗಂಟಿನಿಂದ ಒಂದಷ್ಟು ಖರ್ಚಾಗುತ್ತದೆ; ಅದು ಮತ್ತೆ ಬೆಳೆಯುವುದಿಲ್ಲ. ಮೇಣವಾದರೋ ಮೇಲೆ ಕೂಡುವ ವಸ್ತು. ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಯ ಎಲೆಗಳಿಂದ ದೊರೆಯುವ ಕಾರ್ನೌಬಾ ಮೇಣ ಸುಮಾರು 82 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆಯೇ ಕರಗುವುದರಿಂದ ಕಾರುಗಳಿಗೆ ಪ್ರಶಸ್ತವೆನಿಸಿದೆ. ಮೇಣ ಸವೆದರೆ ಮತ್ತೆ ಹಚ್ಚಬಹುದು. ಆದಕಾರಣ ಮೇಣವನ್ನು ಆಗಿಂದಾಗ್ಗೆ, ಪಾಲಿಷನ್ನು ಅಪರೂಪಕ್ಕೆ ಎಂಬುದು ನಿಯಮವಾಗಿರಲಿ.

ಒಳಗಿನ ಹವಾಮಾನ

ಬಿಸಿಲಿನಲ್ಲಿ ಗಾಜೇರಿಸಿ ನಿಲ್ಲಿಸಿದ ಕಾರಿನೊಳಗಿನ ಗಾಳಿ ಒಂದು ಗಂಟೆಯೊಳಗೆ ಹೊರಗಿಗಿಂತ ಸುಮಾರು 20 ಡಿಗ್ರಿ ಹೆಚ್ಚು ಬಿಸಿಯಾಗಬಹುದು. ಬೆಳಕು ಗಾಜಿನ ಮೂಲಕ ಒಳಹೊಕ್ಕು ಆಸನವನ್ನೂ ಮುಂಫಲಕವನ್ನೂ ಕಾಯಿಸುತ್ತದೆ. ಕಾದ ಗಾಳಿ ಹೊರಗೆ ಹೋಗಲಾರದೆ ಒಳಗೇ ಸುತ್ತುತ್ತದೆ. ನೇರವಾಗಿ ಬಿಸಿಲು ಬೀಳುವ ಮುಂಫಲಕವಂತೂ ಗಾಳಿಗಿಂತಲೂ ಬಿಸಿಯಾಗಿ ಕೈಯಿಡಲಾಗದಂತಿರುತ್ತದೆ.

ಒಳಗಿನ ಹಲವು ಭಾಗಗಳೂ ಮಡಿಸುವ ಛಾವಣಿಯೂ ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕಿನಿಂದ ಆದುವು. ಈ ವಸ್ತು ಸ್ವಭಾವತಃ ಗಡುಸು. ಇದನ್ನು ಮೆದುಮಾಡಲು ಎಣ್ಣೆಯಂತಹ ಮೃದುಕಾರಕ ದ್ರವಗಳನ್ನು ಬೆರೆಸಿರುತ್ತಾರೆ. ಬಿಸಿಯಲ್ಲಿ ಈ ದ್ರವ ಮೆಲ್ಲಮೆಲ್ಲನೆ ಆವಿಯಾಗಿ ಹೊರಬೀಳುತ್ತದೆ. ಮುಂದಿನ ಗಾಜಿನ ಒಳಮೈಯಲ್ಲಿ ಎಣ್ಣೆಯ ಮಂಜಿನಂತೆ ಕೂಡುವ ತೆರೆಗೆ ಇದೂ ಒಂದು ಕಾರಣ. ದ್ರವವನ್ನು ಕಳೆದುಕೊಂಡ ಪ್ಲಾಸ್ಟಿಕ್ಕು ಕುಗ್ಗಿ, ಗಡುಸಾಗಿ, ಬಿರಿಯುತ್ತದೆ. ಒಮ್ಮೆ ಬಿರಿದದ್ದನ್ನು ಯಾವ ಲೇಹ್ಯವೂ ಕೂಡಿಸಲಾರದು. ನೆರಳು, ಗಾಜಿಗೊಂದು ಪರದೆ, ಒದ್ದೆಬಟ್ಟೆಯಿಂದ ಶುಚಿಮಾಡುವುದು, ಇಷ್ಟೇ ಇದಕ್ಕೆ ಮದ್ದು.

ಮೊದಲ ತಲೆಮಾರಿನ ಈ ಕಾರಿನ ಛಾವಣಿಯಲ್ಲಿ ಹಿಂದಿನ ಕಿಟಕಿಯೂ ಮೆತ್ತನೆಯ ಪ್ಲಾಸ್ಟಿಕ್ಕಿನದೇ. ಅದಕ್ಕೆ ಜಿಪ್ಪು ಹೊಲಿದಿದೆ. ಛಾವಣಿಯನ್ನು ಮಡಿಸುವ ಮೊದಲು ಜಿಪ್ಪು ಬಿಚ್ಚಿ ಕಿಟಕಿಯನ್ನು ಚಪ್ಪಟೆಯಾಗಿ ಮಲಗಿಸಬೇಕು. ಅವಸರದಲ್ಲಿ ಹಾಗೆಯೇ ಮಡಿಸಿದರೆ, ಅದರಲ್ಲೂ ಚಳಿಯಲ್ಲಿ, ಮಡಿಕೆ ಬಿದ್ದ ಜಾಗದಲ್ಲಿ ಮೊದಲು ಬಿಳಿಯ ಗೆರೆಯೂ ಆಮೇಲೆ ಬಿರುಕೂ ಮೂಡುತ್ತವೆ. ಗಾಜಿಗೆ ಬಳಸುವ ಅಮೋನಿಯಾ ಬೆರೆತ ದ್ರವವನ್ನು ಇದಕ್ಕೆ ಸೋಕಿಸಬಾರದು.

ಚರ್ಮದ ಆಸನವಿದ್ದರೆ ಅದಕ್ಕೆ ಎಣ್ಣೆ ಉಣಿಸಬೇಕೆಂಬ ಮಾತು ರೂಢಿಯಲ್ಲಿದೆ. ಹದಮಾಡಿದ ತೊಗಲೆಂದರೆ ಕೊಲ್ಲಾಜೆನ್ ಎಂಬ ಪ್ರೋಟೀನಿನ ನಾರುಗಳ ಹೆಣಿಗೆ. ಆದರೆ ಈಗಿನ ಕಾರುಗಳ ತೊಗಲಿನ ಮೇಲೆ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ತೆಳುಲೇಪವಿರುತ್ತದೆ. ಮೇಲೆ ಹಚ್ಚಿದ ಎಣ್ಣೆ ಬಹುಮಟ್ಟಿಗೆ ಲೇಪದ ಮೇಲೆಯೇ ನಿಂತು ಧೂಳನ್ನು ಹಿಡಿಯುತ್ತದೆ. ಆಸನ ಹಾಳಾಗುವುದು ಬೆವರು ಮತ್ತು ಉಜ್ಜುವಿಕೆಯಿಂದ. ಹತ್ತಿ ಇಳಿಯುವಾಗ ಮೈ ತಾಕುವ ಬದಿಯೇ ಮೊದಲು ಸವೆಯುವುದನ್ನು ನೋಡಿರಿ. ಸೌಮ್ಯವಾದ ಸಾಬೂನಿನಿಂದ ಒರೆಸಿ ತೆಗೆಯುವುದೇ ಹೆಚ್ಚು ಹಿತ. ಕಟುವಾದ ಕ್ಷಾರದ ಸಾಬೂನು ತೊಗಲಿಗೆ ಒಗ್ಗದು.

ಬಾಗಿಲ ಸುತ್ತಲಿನ ರಬ್ಬರು ಪಟ್ಟಿಗಳಿಗೆ ವ್ಯಾಸಲೀನನ್ನೋ ಯಂತ್ರದ ಎಣ್ಣೆಯನ್ನೋ ಬಳಿಯುವವರುಂಟು. ಈ ಪಟ್ಟಿಗಳಿಗೆ ಸಾಮಾನ್ಯವಾಗಿ ಬಳಸುವ ಕೃತಕ ರಬ್ಬರು ಬಿಸಿಲನ್ನು ತಡೆಯಬಲ್ಲುದಾದರೂ ಪೆಟ್ರೋಲಿಯಮ್ಮಿನ ಎಣ್ಣೆಗಳನ್ನು ಹೀರಿ ಊದಿಕೊಳ್ಳುತ್ತದೆ. ಅದಕ್ಕೆ ಸಿಲಿಕೋನ್ ಗ್ರೀಸು ತಕ್ಕುದು. ಕೊನೆಯದಾಗಿ, ನೆಲಹಾಸಿನ ಮೇಲೆ ಆಗಾಗ ಅಂಗೈಯನ್ನು ಬಲವಾಗಿ ಒತ್ತಿ ನೋಡಬೇಕು. ಮೇಲೆ ಒಣಗಿದಂತೆ ಕಂಡರೂ ಅಡಿಯ ಸ್ಪಂಜು ನೀರು ಕುಡಿದಿರಬಹುದು. ಮುಗ್ಗಲು ವಾಸನೆ ಬಂದರೆ ಅದನ್ನು ಸುಗಂಧದ್ರವ್ಯದಿಂದ ಮುಚ್ಚುವುದಲ್ಲ, ತೂಬನ್ನು ನೋಡಬೇಕು. ಒಳಗಿನ ವಾಸನೆಯೂ ಹೊರಗಿನ ಗುಳ್ಳೆಯೂ ಒಂದೇ ರೋಗದ ಎರಡು ಲಕ್ಷಣಗಳು.

ಅಯಸ್ಕಾಂತದ ಪರೀಕ್ಷೆ

ಹಳೆಯ ಕಾರನ್ನು ಕೊಳ್ಳುವಾಗ ತುಕ್ಕಿನ ತೂತನ್ನು ಪುಟ್ಟಿಯಿಂದ ಮೆತ್ತಿ ಬಣ್ಣ ಬಳಿದಿರುವರೇ ಎಂದು ತಿಳಿಯಲು ಒಂದು ಸಣ್ಣ ಅಯಸ್ಕಾಂತ ಸಾಕು. ಅದಕ್ಕೆ ತೆಳುಬಟ್ಟೆ ಸುತ್ತಿ ಹೊಸ್ತಿಲಿನುದ್ದಕ್ಕೂ ಸರಿಸುತ್ತಾ ಹೋದರೆ, ಉಕ್ಕಿರುವ ಕಡೆ ಅದು ಅಂಟುತ್ತದೆ. ಪುಟ್ಟಿ ದಪ್ಪವಾಗಿರುವ ಕಡೆ ಜಾರಿಬೀಳುತ್ತದೆ. ಆದರೆ ಒಂದು ಎಚ್ಚರಿಕೆ. ಈ ಕಾರಿನ ಬಾನೆಟ್ಟಿನ ಮೇಲೆ ಅಯಸ್ಕಾಂತ ಎಲ್ಲಿಯೂ ಅಂಟುವುದಿಲ್ಲ. ಅದನ್ನು ಕಂಡು ಇಡೀ ಬಾನೆಟ್ಟೇ ಪುಟ್ಟಿಯೆಂದು ಹೌಹಾರಬೇಕಾಗಿಲ್ಲ. ಭಾರವನ್ನು ಉಳಿಸಲು ಎಂಜಿನಿಯರರು ಅದನ್ನು ಅಲ್ಯುಮಿನಿಯಮಿನಿಂದ ಮಾಡಿದ್ದಾರೆ. ಪರೀಕ್ಷೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಅರಿಯದವನಿಗೆ ಉಪಕರಣವೂ ದಾರಿ ತಪ್ಪಿಸುತ್ತದೆ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ನೆನಪಿಡಬೇಕಾದ ಮಾತೂ ಇದೇ.

2017ರಲ್ಲಿ ಮಜ್ದಾ ಸಂಸ್ಥೆಯು ಮೊದಲ ತಲೆಮಾರಿನ ಈ ಕಾರುಗಳನ್ನು ಜಪಾನಿನಲ್ಲಿ ತಾನೇ ದುರಸ್ತಿಮಾಡಿ ಹೊಸತಾಗಿಸಿಕೊಡುವ ಯೋಜನೆಯನ್ನು ಪ್ರಕಟಿಸಿತು. ನಿಂತುಹೋಗಿದ್ದ ಛಾವಣಿಗಳನ್ನೂ ಟೈರುಗಳನ್ನೂ ಅದಕ್ಕಾಗಿ ಮತ್ತೆ ತಯಾರಿಸಲಾಯಿತು. ಛಾವಣಿಯನ್ನು ಮರಳಿ ಹೊಲಿಯಬಹುದು, ಟೈರನ್ನು ಮರಳಿ ಎರಕಹೊಯ್ಯಬಹುದು. ಆದರೆ ಪೊಳ್ಳಾದ ಒಡಲನ್ನು ಮರಳಿ ಉಕ್ಕಾಗಿಸುವುದು ಬಹಳ ಕಷ್ಟದ, ಬಹಳ ವೆಚ್ಚದ ಕೆಲಸ. ತೂಬಿಗೆ ಸುರಿಯುವ ಒಂದು ಲೋಟ ನೀರಿಗೆ ಕಾಸೂ ಖರ್ಚಿಲ್ಲ.

ನಮ್ಮ ವಾಚಕರಲ್ಲಿ ಸ್ಪೋರ್ಟ್ಸ್ ಕಾರಿನ ಒಡೆಯರು ವಿರಳವಾಗಿರಬಹುದು. ಆದರೆ ಸೈಕಲ್ಲು ಹಲವರ ಮನೆಯಲ್ಲಿರುತ್ತದೆ. ಈ ಭಾನುವಾರ ಅದನ್ನು ತಲೆಕೆಳಗಾಗಿ ನಿಲ್ಲಿಸಿ, ಮಡ್ಗಾರ್ಡಿನ ಒಳಮೈಯನ್ನೂ ಕೆಸರು ಮೆತ್ತಿದ ಸಂದುಗಳನ್ನೂ ಒಮ್ಮೆ ನೋಡಿರಿ. ತುಕ್ಕು ಎಲ್ಲಿ ಹಿಡಿದಿದೆ, ಎಲ್ಲಿ ಹಿಡಿದಿಲ್ಲ ಎಂಬುದನ್ನು ಗುರುತಿಸಿರಿ. ಇವಾನ್ಸನ ಹನಿ ಅಲ್ಲಿಯೂ ನಿಮಗೆ ಕಾಣಿಸುತ್ತದೆ.